ಒರೆಗಲ್ಲಿಗೆ ಹಚ್ಚಿದ ಹಳೆಯ ಕಾರು

‘ಮಾವ, ನೀವಾದರೂ ಇವರಿಗೆ ಬುದ್ಧಿ ಹೇಳಿ’ ಎಂದಳು ಸೊಸೆ. ‘ಅಪ್ಪಾ, ನೀನು ಬ್ಯಾಂಕಿನಲ್ಲಿ ಇದ್ದವನು. ಲೆಕ್ಕ ನೋಡಿ ಹೇಳು’ ಎಂದ ಮಗ.

2019ರ ಬೇಸಿಗೆಯಲ್ಲಿ ನಾನೂ ನನ್ನಾಕೆಯೂ ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಹೋದ ಎರಡನೇ ದಿನವೇ ಈ ಪಂಚಾಯಿತಿ. ಅತಿವೇಗಕ್ಕೆ ಎರಡು ಸಲ ದಂಡ ಕಟ್ಟಿದ್ದ ಮಗನ ಲೈಸೆನ್ಸಿನ ಮೇಲೆ ಆರು ಅಂಕ ಏರಿತ್ತು. ಅಲ್ಲಿ ಮೂರು ವರ್ಷದೊಳಗೆ ಹನ್ನೆರಡು ಅಂಕವಾದರೆ ಸಾಮಾನ್ಯವಾಗಿ ಲೈಸೆನ್ಸಿಗೇ ಕುತ್ತು. ಮಗ ಕಂಡುಕೊಂಡ ಪರಿಹಾರ ಏನೆಂದರೆ, ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವುದು. ವೇಗದ ಚಟವನ್ನೆಲ್ಲ ‘ಟ್ರ್ಯಾಕ್ ಡೇ’ಯಲ್ಲಿ ತೀರಿಸಿಕೊಂಡು ರಸ್ತೆಯಲ್ಲಿ ಸಾಧುವಾಗಿರುವುದು.

ಕಾರು ರೇಸಿನ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಸಾಮಾನ್ಯರಿಗೆ ಬಿಟ್ಟುಕೊಡುವುದೇ ಟ್ರ್ಯಾಕ್ ಡೇ. ಇದು ರೇಸ್ ಅಲ್ಲ. ಬಹುಮಾನವಿಲ್ಲ, ಗಡಿಯಾರ ಹಿಡಿದು ಸಮಯ ಅಳೆಯುವಂತಿಲ್ಲ. ಮುಂದಿನವನು ದಾರಿ ಬಿಟ್ಟರೆ ಮಾತ್ರ ಹಿಂದಿಕ್ಕಬೇಕು. ಹೆಲ್ಮೆಟ್ ಕಡ್ಡಾಯ. ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ನಿಯಮ, ಬಾವುಟಗಳ ಅರ್ಥ ಹೇಳಿಕೊಟ್ಟ ಮೇಲೆಯೇ ಒಳಗೆ ಬಿಡುತ್ತಾರೆ.

ನಾನು ಕಾಗದ ಪೆನ್ನು ಹಿಡಿದು ಕೂತೆ. ಮಗನ ಹತ್ತಿರ 4,000 ಪೌಂಡ್ ಇತ್ತು. ಸಾಲ ಕೊಡುವಾಗ ಮಾರ್ಜಿನ್ ಇಟ್ಟುಕೊಳ್ಳುತ್ತಿದ್ದ ಅಭ್ಯಾಸ ನನ್ನದು. ‘ಕಾರಿಗೆ 2,500ಕ್ಕಿಂತ ಒಂದು ಪೆನ್ನಿಯೂ ಹೆಚ್ಚಿಲ್ಲ. ಉಳಿದದ್ದು ಟೈರು, ಬ್ರೇಕು, ಟ್ರ್ಯಾಕಿನ ಶುಲ್ಕಕ್ಕೆ’ ಎಂದೆ. ಇನ್ನೂ ಒಂದು ಮಾತು ಸೇರಿಸಿದೆ. ರಸ್ತೆಯ ಮಾಮೂಲಿ ವಿಮೆ ಟ್ರ್ಯಾಕಿನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ತಡೆಗೋಡೆಗೆ ಗುದ್ದಿದರೆ ಅದರ ರಿಪೇರಿ ಬಿಲ್ಲೂ ನಮ್ಮ ತಲೆಗೇ ಬರಬಹುದು. ಹಾಗಾಗಿ ಪೂರ್ತಿ ಹೋದರೂ ಮನೆ ನಡೆಯುವಷ್ಟರ ಕಾರು ಮಾತ್ರ. ಸೊಸೆಗೆ ಈ ಷರತ್ತು ಹಿಡಿಸಿತು.

ಯಾವ ಕಾರು ಎಂಬುದರಲ್ಲಿ ಮಗನಿಗೆ ಗೊಂದಲವಿರಲಿಲ್ಲ. 1989ರಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಜಪಾನಿನ ಮಜ್ದಾ ಎಂಎಕ್ಸ್-5. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ. ಆರಂಭದ 1.6 ಲೀಟರ್ ಎಂಜಿನ್ನಿನ ಶಕ್ತಿ 115 ಅಶ್ವಶಕ್ತಿಯಷ್ಟೇ. ಆದರೆ ಕಾರಿನ ತೂಕ ಒಂದು ಟನ್ನಿಗೂ ಕಡಿಮೆ, ಅದೂ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿದೆ. ಕಾರು ಹಗುರವಾದಷ್ಟೂ ಟೈರು, ಬ್ರೇಕು ನಿಧಾನಕ್ಕೆ ಸವೆಯುತ್ತವೆ. ಇದರ ಎಲ್ಲ ಪೀಳಿಗೆಗಳೂ ಸೇರಿ 2016ರ ಹೊತ್ತಿಗೆ ಹತ್ತು ಲಕ್ಷ ಕಾರು ತಯಾರಾಗಿದ್ದವು. ಅಷ್ಟು ಓಡಾಡುವ ಕಾರಿನ ಬಿಡಿಭಾಗಕ್ಕೆ ಬರವಿಲ್ಲ. ಮೊದಲ ಪೀಳಿಗೆಯ ಕಾರಿನ ದೀಪಗಳು ಬಾನೆಟ್ಟಿನೊಳಗಿಂದ ಎದ್ದು ಬರುತ್ತವೆ. ಚಿತ್ರ ನೋಡಿದ ಒಂಬತ್ತು ವರ್ಷದ ಮೊಮ್ಮಗಳು ‘ಕಪ್ಪೆ! ಕಪ್ಪೆ!’ ಎಂದು ಕುಣಿದಳು. ಹೆಸರು ಅಲ್ಲಿಗೆ ನಿಂತಿತು.

ಮೂರು ಕಪ್ಪೆಗಳು

ಮೊದಲು ನೋಡಿದ ಕೆಂಪು ಕಾರು ಮದುವಣಗಿತ್ತಿಯಂತೆ ಹೊಳೆಯುತ್ತಿತ್ತು. ನಮ್ಮ ಬ್ಯಾಂಕಿನಲ್ಲಿ ಚಿನ್ನ ಒರೆಹಚ್ಚಲು ಬರುತ್ತಿದ್ದ ಸರಾಫರು ‘ಅತಿಯಾಗಿ ಹೊಳೆಯುವ ಒಡವೆಯನ್ನು ಎರಡು ಸಲ ಉಜ್ಜಬೇಕು ಸ್ವಾಮೀ’ ಎನ್ನುತ್ತಿದ್ದರು. ಚಳಿಗಾಲದಲ್ಲಿ ಹಿಮ ಕರಗಿಸಲು ಇಂಗ್ಲೆಂಡಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರಿಗೆ ಈ ಹಳೆಯ ಕಾರುಗಳ ಹಿಂಚಕ್ರದ ಸುತ್ತಲಿನ ತಗಡು, ಬಾಗಿಲ ಕೆಳಗಿನ ತಗಡು ತುಕ್ಕು ಹಿಡಿಯುತ್ತವೆ. ಅದನ್ನು ಪುಟ್ಟಿ ಮೆತ್ತಿ, ಬಣ್ಣ ಬಳಿದು ಮುಚ್ಚುವವರಿದ್ದಾರೆ.

ನಮ್ಮ ಒರೆಗಲ್ಲು ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ. ಮೊಮ್ಮಗಳು ಮೊದಲು ಬಾನೆಟ್ಟಿಗೆ ಹಿಡಿದು ‘ಅಜ್ಜ, ಅಂಟಲ್ಲ!’ ಎಂದು ಕೂಗಿದಳು. ಬಾನೆಟ್ ಅಲ್ಯೂಮಿನಿಯಮ್ಮಿನದು, ಅಂಟಬಾರದು ಎಂದು ಅವರಪ್ಪ ನಕ್ಕ. ಹಿಂಚಕ್ರದ ಮೇಲೂ ಅಂಟದಾಗ ಯಾರೂ ನಗಲಿಲ್ಲ. ಮಾರುವವನು ಮಾತಾಡದೆ ಬೇರೆ ಕಡೆ ನೋಡಿದ.

ಎರಡನೆಯದಕ್ಕೆ ಯಾರೋ ಟರ್ಬೋ ಹಾಕಿಸಿದ್ದರು. ಸದ್ದು ಕೇಳಿಯೇ ಮಗ ಕರಗಿಹೋದ. ಟ್ರ್ಯಾಕುಗಳಲ್ಲಿ ಸದ್ದಿಗೂ ಮಿತಿಯಿದೆ. ಮೀಟರ್ ಹಿಡಿದು ಅಳೆದು, ಮೀರಿದರೆ ಕಟ್ಟಿದ ಹಣ ಬಿಟ್ಟು ಮನೆಗೆ ಹೋಗಬೇಕು. ಮೇಲಾಗಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿದವರು ಬ್ರೇಕನ್ನು ಹಾಗೆಯೇ ಬಿಟ್ಟಿದ್ದರು. ‘ಅಸಲಿಗಿಂತ ಬಡ್ಡಿ ದೊಡ್ಡದು, ನಡಿ’ ಎಂದೆ.

ಮೂರನೆಯದು ನಿವೃತ್ತ ಮೇಷ್ಟರೊಬ್ಬರದು. ಬಣ್ಣ ಮಾಸಿದ ಹಸಿರು, ಬಾಗಿಲಿಗೊಂದು ನೆಗ್ಗು. ಆದರೆ ಬಿಲ್ಲುಗಳ ದಪ್ಪ ಫೈಲು ಇತ್ತು! ಟೈಮಿಂಗ್ ಬೆಲ್ಟ್ ಬದಲಿಸಿದ ತಾರೀಖು, ಓಡಿದ ಮೈಲಿ ಎಲ್ಲ ನಮೂದಾಗಿತ್ತು. ನಮ್ಮ ಲಾರಿಗಳ ಎಫ್.ಸಿ.ಯಂತೆ ಅಲ್ಲಿ ಎಂ.ಓ.ಟಿ. ಎಂಬ ವಾರ್ಷಿಕ ತಪಾಸಣೆ ಇದೆ. ಅದರ ಹಳೆಯ ದಾಖಲೆಗಳನ್ನು ಕಾರಿನ ನಂಬರ್ ಕೊಟ್ಟು ಯಾರು ಬೇಕಾದರೂ ನೋಡಬಹುದು. ಎರಡನ್ನೂ ತಾಳೆ ನೋಡಿದೆ, ಮೈಲಿ ಸರಿಹೊಂದಿತು. ತಣ್ಣಗಿದ್ದ ಎಂಜಿನ್ ಶುರುಮಾಡಿಸಿದಾಗ ನೀಲಿ ಹೊಗೆ ಬರಲಿಲ್ಲ. ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ರೋಲ್ ಬಾರ್ ಕೂಡ ಇತ್ತು. ಛಾವಣಿ ತೆರೆಯುವ ಕಾರುಗಳಿಗೆ ಅದಿಲ್ಲದೆ ಎಷ್ಟೋ ಕಡೆ ಪ್ರವೇಶವಿಲ್ಲ. 2,300 ಪೌಂಡಿಗೆ ವ್ಯವಹಾರ ಮುಗಿಯಿತು.

ಒಂದು ಸಹಿ ಬಾಕಿ

ಫೈಲಿನಲ್ಲಿ ಒಂದೇ ಕೊರತೆ ಕಂಡಿತ್ತು. ನಾಲ್ಕು ವರ್ಷದಿಂದ ಬ್ರೇಕ್ ಆಯಿಲ್ ಬದಲಿಸಿದ ಬಿಲ್ಲಿರಲಿಲ್ಲ. ಮಗನಿಗೆ ಹೇಳಿದೆ. ಟೈರು, ಬ್ರೇಕ್ ಪ್ಯಾಡು ಹೊಸದು ಹಾಕಿಸಿದ್ದ ಅವನು ‘ಆಯಿಲ್ ಮಟ್ಟ ಸರಿಯಾಗಿದೆಯಪ್ಪ, ಮುಂದಿನ ಸಲ ನೋಡೋಣ’ ಎಂದ. ನಾನೂ ಸುಮ್ಮನಾದೆ. ಸಹಿ ಇಲ್ಲದ ವೋಚರನ್ನು ಕೆಲಸದಲ್ಲಿದ್ದಷ್ಟು ಕಾಲ ಒಂದು ದಿನವೂ ಪಾಸು ಮಾಡದವನು ಅಂದು ಮಾಡಿಬಿಟ್ಟೆ.

ಮೊದಲ ಟ್ರ್ಯಾಕ್ ಡೇ ಬೆಡ್‌ಫರ್ಡ್ ಆಟೋಡ್ರೋಮಿನಲ್ಲಿ. ಹಳೆಯ ವಿಮಾನ ನೆಲೆಯಲ್ಲಿ ಮಾಡಿದ ಟ್ರ್ಯಾಕು. ದಾರಿ ತಪ್ಪಿದರೂ ಓಡಲು ವಿಶಾಲ ಜಾಗವಿದೆಯೆಂದೇ ಹೊಸಬರು ಅಲ್ಲಿಗೆ ಹೋಗುತ್ತಿದ್ದರು. ಸೊಸೆ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದಳು. ಮೊದಲೆರಡು ಸರದಿ ಚೆನ್ನಾಗಿ ಆಯಿತು. ಮೂರನೆಯದರಲ್ಲಿ ಕಪ್ಪೆ ಅರ್ಧಕ್ಕೇ ಮೆಲ್ಲಗೆ ತೆವಳಿಕೊಂಡು ಹೊರಬಂತು. ಹೆಲ್ಮೆಟ್ ತೆಗೆದ ಮಗನ ಮುಖ ಬಿಳಿಚಿತ್ತು. ‘ಬ್ರೇಕ್ ತುಳಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತಪ್ಪ.’

ಕಾರಣ ಆಮೇಲೆ ಅಲ್ಲಿದ್ದ ಮೆಕ್ಯಾನಿಕ್ ವಿವರಿಸಿದ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಳೆಯದಾದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ. ಕುದಿದರೆ ಆವಿಯ ಗುಳ್ಳೆ. ಆಯಿಲ್ ಒತ್ತಡಕ್ಕೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ತುಳಿದ ಬಲ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಮಟ್ಟ ನೋಡಿದರೆ ಇದು ತಿಳಿಯುವುದಿಲ್ಲ.

ಮಗ ಗಾಬರಿಯಾಗದೆ ಪೆಡಲನ್ನು ಮತ್ತೆ ಮತ್ತೆ ತುಳಿದು, ಗೇರ್ ಇಳಿಸಿ, ಬಯಲ ಕಡೆ ತಿರುಗಿಸಿ ವೇಗ ತಗ್ಗಿಸಿದ್ದ. ಸೊಸೆ ಬೈಯಲಿಲ್ಲ. ‘ಇದೇ ಅಭ್ಯಾಸ ರಸ್ತೆಯಲ್ಲಾಗಿದ್ದರೆ?’ ಎಂದಷ್ಟೇ ಕೇಳಿದಳು. ಅವನು ಆ ದಿನ ಮತ್ತೆ ಟ್ರ್ಯಾಕಿಗೆ ಇಳಿಯಲಿಲ್ಲ. ನಾನು ‘ತಪ್ಪು ನನ್ನದೂ ಇದೆಯಮ್ಮ’ ಎಂದೆ. ನಾಲ್ವರೂ ಕೂತು ಚಿತ್ರಾನ್ನ ತಿಂದೆವು. ಎಷ್ಟೋ ಹೊತ್ತು ಯಾರೂ ಮಾತಾಡಲಿಲ್ಲ.

ಕಪ್ಪೆ ಇನ್ನೂ ಅವರ ಮನೆಯಲ್ಲಿದೆ. ವರ್ಷಕ್ಕೆ ಎರಡು ಮೂರು ಸಲ ಟ್ರ್ಯಾಕಿಗೆ ಹೋಗುತ್ತದೆ. ಮಗನ ಲೈಸೆನ್ಸಿಗೆ ಹೊಸ ಅಂಕ ಏರಿಲ್ಲ. ಪ್ರತಿ ಸೀಸನ್ ಶುರುವಿಗೆ ಮುಂಚೆ ಮೊಮ್ಮಗಳಿಂದ ಒಂದು ಫೋನ್ ಬರುತ್ತದೆ. ‘ಅಜ್ಜ, ಬ್ರೇಕ್ ಆಯಿಲ್ ಬದಲಾಯಿಸಿದ್ದಾಯಿತು. ಬಿಲ್ಲು ಫೈಲಿಗೆ ಹಾಕಿದೆ. ಪಾಸ್ ಮಾಡ್ತೀಯಾ?’

ಮಾಡುತ್ತೇನೆ, ಬಿಲ್ಲಿನ ತಾರೀಖು ಓದಿಸಿಕೊಂಡ ಮೇಲೆ.