ಮರಳಿನ ದ್ವೀಪದಲ್ಲಿ ಮೂರು ದಿನ: ಶುಚಿತ್ವ ಮರೆತರೆ ಪ್ರವಾಸ ಕಹಿ

ನಿಮ್ಮ ಮಗನೋ ಮಗಳೋ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ನೆಲೆಸಿದ್ದರೆ ಫ್ರೇಸರ್ ದ್ವೀಪದ ಹೆಸರನ್ನು ನೀವು ಕೇಳಿರುತ್ತೀರಿ. 2023ರಲ್ಲಿ ಅಲ್ಲಿನ ಸರಕಾರ ಅದಕ್ಕೆ ಮೂಲನಿವಾಸಿಗಳಾದ ಬುಚುಲ್ಲಾ ಜನರ ಹಳೆಯ ಹೆಸರನ್ನು ಅಧಿಕೃತವಾಗಿ ಮರಳಿಸಿತು. ಈಗ ಅದು ‘ಗರಿ’. ಆ ಭಾಷೆಯಲ್ಲಿ ಗರಿ ಎಂದರೆ ಸ್ವರ್ಗ ಎಂದು ಅರ್ಥ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪವಿದು. ಉದ್ದ 120 ಕಿಲೋಮೀಟರಿಗೂ ಹೆಚ್ಚು. 1992ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಮ್ಮ ಕರಾವಳಿಯಿಂದ ಆ ಕಡೆ ಹೋಗಿ ನೆಲೆಸಿದ ಕುಟುಂಬಗಳು ಶಾಲೆಗೆ ರಜೆ ಸಿಕ್ಕಾಗ ನಾಲ್ಕೈದು ಮನೆಯವರು ಸೇರಿ ಅಲ್ಲಿಗೆ ಹೋಗುವುದುಂಟು. ಊರಿನಿಂದ ಬಂದ ತಂದೆ ತಾಯಿಯರನ್ನೂ ಜೊತೆಗೆ ಕರೆದುಕೊಳ್ಳುತ್ತಾರೆ.

ಅಲ್ಲಿ ಡಾಂಬರು ರಸ್ತೆ ಇಲ್ಲವೆಂದೇ ಹೇಳಬಹುದು. ಸಮುದ್ರದ ದಂಡೆಯೇ ಹೆದ್ದಾರಿ. ನಾಲ್ಕೂ ಚಕ್ರ ತಿರುಗುವ ಜೀಪು ಬೇಕು. ಮುಂದಿನ ಜೀಪಿನಲ್ಲಿ ಮಾರ್ಗದರ್ಶಿ ಇದ್ದು, ಪ್ರವಾಸಿಗರೇ ಓಡಿಸುವ ಮೂರು ನಾಲ್ಕು ಜೀಪುಗಳು ಸಾಲಾಗಿ ಹಿಂಬಾಲಿಸುವ ಪ್ರವಾಸಗಳು ಬಹಳ ಜನಪ್ರಿಯ. ಹಗಲು ಸುತ್ತಾಟ, ರಾತ್ರಿ ಡೇರೆಯಲ್ಲಿ ವಾಸ, ಎಲ್ಲರೂ ಸೇರಿ ಅಡುಗೆ. ಕೇಳಲು ಖುಷಿಯೇ. ಆದರೆ ಒಂದು ವಿಷಯ ಹೊರಡುವ ಮೊದಲೇ ಮನಸ್ಸಿನಲ್ಲಿರಲಿ. ದ್ವೀಪದಲ್ಲಿ ಆಸ್ಪತ್ರೆ ಇಲ್ಲ. ಅನೇಕ ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಗಂಭೀರವಾಗಿ ಗಾಯಗೊಂಡವರನ್ನು ಹೆಲಿಕಾಪ್ಟರ್‌ನಲ್ಲಿ ಆಚೆ ದಡಕ್ಕೆ ಸಾಗಿಸಬೇಕಾಗುತ್ತದೆ. ಮನೆಯಲ್ಲಿದ್ದಾಗ ಒಂದು ಮಾತ್ರೆಯಲ್ಲಿ ಮುಗಿಯುವ ಹೊಟ್ಟೆನೋವು ಅಲ್ಲಿ ಇಡೀ ಗುಂಪಿನ ಸಮಸ್ಯೆಯಾಗುತ್ತದೆ.

ನೀರು, ವುಝೂ ಮತ್ತು ಕೆರೆ

‘ಮರಳಿನ ದ್ವೀಪವಲ್ಲವೇ, ತಯಮ್ಮುಮ್ ಮಾಡಿದರಾಯಿತು’ ಎಂದು ತಮಾಷೆಗೆ ಹೇಳುವವರಿದ್ದಾರೆ. ಅದು ಅಷ್ಟು ಸುಲಭವಲ್ಲ. ನೀರು ಇರುವಾಗ ತಯಮ್ಮುಮ್ ಸಲ್ಲುವುದಿಲ್ಲ. ದ್ವೀಪದ ಸುತ್ತ ಇರುವುದೇ ನೀರು, ಸಮುದ್ರದ ನೀರಿನಿಂದ ವುಝೂ ಆಗುತ್ತದೆ. ಅಲ್ಲದೆ ನಮ್ಮ ಕರಾವಳಿಯ ಹೆಚ್ಚಿನವರು ಶಾಫಿಈ ಮದ್‌ಹಬಿನವರು. ಆ ಮದ್‌ಹಬಿನಲ್ಲಿ ತಯಮ್ಮುಮಿಗೆ ಧೂಳಿರುವ ಮಣ್ಣು ಬೇಕು. ಗರಿಯ ಕೆರೆದಂಡೆಯ ಮರಳೋ ತೊಳೆದಿಟ್ಟ ಸಕ್ಕರೆಯಂತೆ ಬೆಳ್ಳಗೆ, ಕೈಗೆ ಧೂಳು ಅಂಟುವುದೇ ಕಷ್ಟ. ಕಾಯಿಲೆಯವರು, ಗಾಯವಾದವರು ಏನು ಮಾಡಬೇಕೆಂದು ಹೊರಡುವ ಮೊದಲೇ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ವುಝೂಗೆ ಬೇಕಾದ ನೀರೂ ನಾವು ಅಂದುಕೊಂಡಷ್ಟು ಅಲ್ಲ. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು ಎಂದು ಹದೀಸ್‌ನಲ್ಲಿದೆ. ಇಂದಿನ ಅಳತೆಯಲ್ಲಿ ಅದು ಮುಕ್ಕಾಲು ಲೀಟರಿಗಿಂತಲೂ ಕಡಿಮೆ. ಮನೆಯ ನಲ್ಲಿ ಬಿಟ್ಟು ವುಝೂ ಮಾಡುವ ನಾವು ಇದರ ಎಷ್ಟು ಪಟ್ಟು ಸುರಿಯುತ್ತೇವೆ ಎಂದು ಒಮ್ಮೆ ಬಕೆಟ್ ಇಟ್ಟು ಅಳೆದು ನೋಡಿ. ದ್ವೀಪಕ್ಕೆ ಹೋಗುವ ವಾರದ ಮೊದಲೇ ಸಣ್ಣ ಬಾಟಲಿಯಲ್ಲಿ ವುಝೂ ಮಾಡಲು ಮಕ್ಕಳಿಗೆ ರೂಢಿ ಮಾಡಿಸಿದರೆ ಒಳ್ಳೆಯದು.

ಕುಡಿಯುವ ನೀರಿನಲ್ಲಿ ಮಾತ್ರ ಜಿಪುಣತನ ಬೇಡ. ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಲೆಕ್ಕ ಹಾಕಿದರೆ ಎಂಟು ಮಂದಿಗೆ ಮೂರು ದಿನಕ್ಕೆ 96 ಲೀಟರ್. ಡೇರೆ ಹಾಕುವ ಜಾಗದ ನಲ್ಲಿಯ ನೀರಾಗಲಿ, ತೊರೆಯ ನೀರಾಗಲಿ ಎಷ್ಟೇ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬಾರದು. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಯಲು ಬಿಟ್ಟು, ಆರಿಸಿ ಕುಡಿಯಿರಿ.

ಇನ್ನು ಕೆರೆ. ಬೂರಂಗೂರ ಎಂಬ ಕೆರೆಯನ್ನು ನೋಡಲೆಂದೇ ಜನ ಈ ದ್ವೀಪಕ್ಕೆ ಬರುತ್ತಾರೆ. ಮೆಕೆಂಜಿ ಕೆರೆ ಎಂಬುದು ಅದರ ಇನ್ನೊಂದು ಹೆಸರು. ಮರಳಿನ ಮೇಲೆ ನೀರು ನಿಲ್ಲುವುದಾದರೂ ಹೇಗೆ? ಉದುರಿದ ಎಲೆ, ಕಡ್ಡಿಗಳು ಕೊಳೆತು ಸಾವಿರಾರು ವರ್ಷಗಳಲ್ಲಿ ಮರಳಿನ ಕಣಗಳನ್ನು ಅಂಟಿಸಿ ಬಟ್ಟಲಿನಂತೆ ಗಟ್ಟಿ ತಳ ಮಾಡಿವೆ. ಆ ಬಟ್ಟಲಿನಲ್ಲಿ ಮಳೆ ನೀರು ನಿಂತಿದೆ. ಒಳಗೆ ಬರುವ ಹೊಳೆಯಿಲ್ಲ, ಹೊರಗೆ ಹೋಗುವ ತೋಡೂ ಇಲ್ಲ. ನೀವು ಅದರಲ್ಲಿ ಬಿಟ್ಟದ್ದು ಅದರಲ್ಲೇ ಉಳಿಯುತ್ತದೆ. ಸೋಪು, ಶಾಂಪೂ, ಮೈಗೆ ಹಚ್ಚಿದ ಎಣ್ಣೆ, ಮಕ್ಕಳ ಮೂತ್ರ, ಎಲ್ಲವೂ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿ(ಸ) ವಿರೋಧಿಸಿದ್ದು ನಮಗೆಲ್ಲ ಮದ್ರಸದಲ್ಲೇ ಗೊತ್ತಾದ ವಿಷಯ. ಅದರ ಅರ್ಥವನ್ನು ಕಣ್ಣಾರೆ ಕಾಣಬೇಕಾದರೆ ಈ ಕೆರೆಯ ದಂಡೆಯಲ್ಲಿ ನಿಲ್ಲಬೇಕು. ಮಕ್ಕಳನ್ನು ನೀರಿಗಿಳಿಸುವ ಮೊದಲು ಶೌಚಾಲಯಕ್ಕೆ ಕರೆದುಕೊಂಡು ಹೋಗಿ. ವುಝೂಗೆ ಬೇಕಾದ ನೀರನ್ನು ಪಾತ್ರೆಯಲ್ಲಿ ಎತ್ತಿ, ದೂರ ಹೋಗಿ ಮಾಡಿ.

ಬಿಸಿಲಿನ ಕ್ರೀಮು ಕೂಡ ಈ ನೀರಿಗೆ ಒಳ್ಳೆಯದಲ್ಲ. ಆದರೆ ಆಸ್ಟ್ರೇಲಿಯಾದ ಬಿಸಿಲು ಚರ್ಮಕ್ಕೆ ಬಹಳ ಕೆಟ್ಟದ್ದು, ರಕ್ಷಣೆ ಬೇಕೇ ಬೇಕು. ಇಲ್ಲಿ ನಮ್ಮ ಉಡುಪಿನ ರೀತಿ ಉಪಕಾರಕ್ಕೆ ಬರುತ್ತದೆ. ಮೈ ಮುಚ್ಚಿದಷ್ಟೂ ಕ್ರೀಮು ಕಡಿಮೆ ಸಾಕು. ಬುರ್ಕಿನಿಯನ್ನು 2004ರಲ್ಲಿ ರೂಪಿಸಿದ ಅಹೆದಾ ಝನೆಟ್ಟಿ ಸಿಡ್ನಿಯವರೇ, ಹಾಗಾಗಿ ಆ ದೇಶದಲ್ಲಿ ಅದು ಹೊಸದೇನೂ ಅಲ್ಲ. ಸಡಿಲವಾದ ಅಬಾಯ ತೊಟ್ಟು ಮಾತ್ರ ನೀರಿಗೆ ಇಳಿಯಬೇಡಿ. ನೆನೆದ ಬಟ್ಟೆಯ ಭಾರ ಕಾಲನ್ನು ಸುತ್ತಿ ಎಳೆಯುತ್ತದೆ.

ಸಮುದ್ರದಲ್ಲಿ ಈಜುವ ಯೋಚನೆಯನ್ನೇ ಬಿಡಿ. ಪೂರ್ವ ದಂಡೆಯಲ್ಲಿ ಸೆಳೆತ ಬಲವಾಗಿದೆ, ಶಾರ್ಕ್‌ಗಳಿವೆ, ಕಾವಲಿಗೆ ಜೀವರಕ್ಷಕರಿಲ್ಲ. ವಾಬಿ ಎಂಬ ಇನ್ನೊಂದು ಕೆರೆಯ ಪಕ್ಕ ಎತ್ತರದ ಮರಳಿನ ದಿಬ್ಬವಿದೆ. ಅದರ ಮೇಲಿಂದ ಓಡಿ ಬಂದು ನೀರಿಗೆ ಧುಮುಕಿದ ಯುವಕರು ಬೆನ್ನುಹುರಿ ಮುರಿದುಕೊಂಡಿದ್ದಾರೆ. ಎಚ್ಚರಿಕೆಯ ಫಲಕ ಅಲ್ಲೇ ಇದೆ.

ಅಡುಗೆ, ಅಂಜಲ್, ಒಂದೇ ತಟ್ಟೆ

ಹಲಾಲ್ ಮಾಂಸವನ್ನು ಬ್ರಿಸ್ಬೇನಿನಿಂದಲೇ ಒಯ್ಯಬೇಕು. ಮಸಾಲೆ ಹಚ್ಚಿ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಪ್ಯಾಕೆಟ್ ಮಾಡಿ, ಕಲ್ಲಿನಂತೆ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಐಸ್ ಪೆಟ್ಟಿಗೆಯ ತಳದಲ್ಲಿಡಿ. ಮಾಂಸದ ಪೆಟ್ಟಿಗೆ ಬೇರೆ, ಹಣ್ಣು, ಮೊಸರು, ಕುಡಿಯುವ ನೀರಿನ ಪೆಟ್ಟಿಗೆ ಬೇರೆ ಇರಲಿ. ಮಕ್ಕಳು ಐದು ನಿಮಿಷಕ್ಕೊಮ್ಮೆ ತೆರೆಯುವುದು ಎರಡನೆಯದನ್ನು. ಐಸ್ ಕರಗಿ ಮಾಂಸದ ರಕ್ತ ಬೆರೆತ ನೀರು ಸೌತೆಕಾಯಿಗೆ ತಾಗಿದರೆ ಸಾಕು, ಮರುದಿನ ಡೇರೆಯವರೆಲ್ಲ ಶೌಚಾಲಯದ ಮುಂದೆ ಸಾಲು ನಿಲ್ಲಬೇಕಾದೀತು. ಐದು ಡಿಗ್ರಿಯಿಂದ ಅರುವತ್ತು ಡಿಗ್ರಿವರೆಗಿನ ಶಾಖದಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ. ಆ ಶಾಖದಲ್ಲಿ ನಾಲ್ಕು ತಾಸು ಕಳೆದ ಆಹಾರವನ್ನು ಎಸೆಯಬೇಕು. ನಮ್ಮ ಹಿರಿಯರಿಗೆ ಇದು ಹಿಡಿಸುವುದಿಲ್ಲ, ಅನ್ನ ಚೆಲ್ಲುವುದು ಪಾಪವಲ್ಲವೇ ಎನ್ನುತ್ತಾರೆ. ಹೌದು, ಅದಕ್ಕೇ ಕಡಿಮೆ ಮಾಡಿ. ರಾತ್ರಿ ಉಳಿದ ಬಿರಿಯಾನಿಯನ್ನು ಬೆಳಿಗ್ಗೆ ಬಿಸಿ ಮಾಡಿ ತಿನ್ನುವ ಅಭ್ಯಾಸ ಡೇರೆಯಲ್ಲಿ ಬೇಡವೇ ಬೇಡ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಬೇಯಿಸಿದರೂ ಸಾಯದೆ ಉಳಿಯುತ್ತದೆ. ಅನ್ನ ಹೊರಗಿದ್ದಷ್ಟು ಹೊತ್ತು ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು.

ಮೀನಿನ ಬಗ್ಗೆ ಕರಾವಳಿಯವರಿಗೆ ಹೇಳಲೇಬೇಕಾದ ಒಂದು ಮಾತಿದೆ. ನಾವು ಪ್ರೀತಿಯಿಂದ ತಿನ್ನುವ ಅಂಜಲ್ ಅಲ್ಲಿಯೂ ಸಿಗುತ್ತದೆ, ಹೆಸರು ಸ್ಪ್ಯಾನಿಶ್ ಮ್ಯಾಕರೆಲ್. ದ್ವೀಪದ ವಾಯವ್ಯಕ್ಕಿರುವ ಪ್ಲಾಟಿಪಸ್ ಕೊಲ್ಲಿಯ ಅಂಜಲ್‌ನಲ್ಲಿ ಸಿಗ್ವಾಟೆರಾ ಎಂಬ ವಿಷ ಇರುವ ಅಪಾಯವಿದೆ. ಈ ವಿಷಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಹುರಿದರೂ ಹೋಗದು, ಐಸಿನಲ್ಲಿಟ್ಟರೂ ಹೋಗದು. ಮೀನು ಎಷ್ಟೇ ತಾಜಾ ಇರಲಿ, ಪ್ರಯೋಜನವಿಲ್ಲ. ತಿಂದ ಕೆಲವು ತಾಸುಗಳಲ್ಲಿ ವಾಂತಿ, ಭೇದಿ, ತುಟಿ ಮತ್ತು ಬೆರಳುಗಳಲ್ಲಿ ಜುಮ್ಮೆನ್ನುವುದು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುವುದು ಇದರ ಲಕ್ಷಣ. ಆ ಕೊಲ್ಲಿಯಲ್ಲಿ ಯಾರೋ ಹಿಡಿದ ದೊಡ್ಡ ಅಂಜಲನ್ನು ಪ್ರೀತಿಯಿಂದ ಕೊಟ್ಟರೂ ನಯವಾಗಿ ಬೇಡವೆನ್ನಿ.

ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಉಣ್ಣುವುದರಲ್ಲಿ ಬರಕತ್ ಇದೆ. ಆದರೆ ಪ್ರತಿಯೊಬ್ಬರೂ ಸೋಪು ಹಚ್ಚಿ ಕೈ ತೊಳೆದಿರಬೇಕು. ಗುಂಪಿನಲ್ಲಿ ಹಬ್ಬುವ ವಾಂತಿಭೇದಿಯ ವೈರಸ್ಸಿಗೆ ಸ್ಯಾನಿಟೈಸರ್ ಸರಿಯಾದ ಮದ್ದಲ್ಲ. ನಲ್ಲಿಯಿರುವ ಒಂದು ನೀರಿನ ಕ್ಯಾನ್, ಪಕ್ಕದಲ್ಲಿ ಸೋಪು, ಕೆಳಗೆ ಬಕೆಟ್ ಇಷ್ಟನ್ನು ಡೇರೆ ಬಿಚ್ಚುವ ಮೊದಲೇ ಸಿದ್ಧ ಮಾಡಿ. ಯಾರಿಗಾದರೂ ಭೇದಿ ಶುರುವಾದರೆ ಅವರು ಬೇರೆ ತಟ್ಟೆಯಲ್ಲಿ ಉಣ್ಣಲಿ, ಗುಣವಾಗಿ ಎರಡು ದಿನ ಕಳೆಯುವವರೆಗೆ ಅಡುಗೆಗೆ ಕೈ ಹಾಕದಿರಲಿ. ಓಆರ್‌ಎಸ್ ಪೊಟ್ಟಣಗಳನ್ನು ಧಾರಾಳವಾಗಿ ಒಯ್ಯಿರಿ.

ಫಜ್ರ್ ಹೊತ್ತಿಗೆ ಒಬ್ಬರೇ ಹೊರಡಬೇಡಿ

ದ್ವೀಪದಲ್ಲಿ ಡಿಂಗೊ ಎಂಬ ಕಾಡುನಾಯಿಗಳಿವೆ. ನೋಡಲು ನಮ್ಮ ಬೀದಿನಾಯಿಯಂತೆಯೇ ಇವೆ. ಅದೇ ಅಪಾಯ, ಜನ ಸಲುಗೆ ತೋರಿಸುತ್ತಾರೆ. 2001ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಇವುಗಳ ದಾಳಿಯಿಂದ ಸತ್ತ. 2019ರಲ್ಲಿ ಮಲಗಿದ್ದ ಪುಟ್ಟ ಮಗುವೊಂದನ್ನು ಎಳೆದೊಯ್ದಿತ್ತು, ತಂದೆ ಓಡಿಹೋಗಿ ಬಿಡಿಸಿದರು. ಬೆಳಗಿನ ಜಾವ ಮತ್ತು ಮುಸ್ಸಂಜೆ ಇವು ಚುರುಕಾಗಿ ಓಡಾಡುತ್ತವೆ. ಅಂದರೆ ಸರಿಯಾಗಿ ನಮ್ಮ ಫಜ್ರ್ ಮತ್ತು ಮಗ್‌ರಿಬ್ ಹೊತ್ತು. ವುಝೂಗೆ, ಶೌಚಕ್ಕೆ ಯಾರೂ ಒಬ್ಬರೇ ಹೋಗಬೇಡಿ. ಕೈಯಲ್ಲಿ ಕೋಲಿರಲಿ, ಟಾರ್ಚ್ ಇರಲಿ. ಮಕ್ಕಳು ದೊಡ್ಡವರ ಕೈಯಳತೆಯಲ್ಲೇ ಇರಲಿ. ಡಿಂಗೊ ಎದುರಾದರೆ ಓಡಬೇಡಿ. ಅದರತ್ತ ಮುಖ ಮಾಡಿ, ನೆಟ್ಟಗೆ ನಿಂತು, ನಿಧಾನ ಹಿಂದೆ ಸರಿಯಿರಿ. ಬೇಲಿ ಹಾಕಿದ ಡೇರೆ ಜಾಗಗಳಿವೆ, ಮಕ್ಕಳಿರುವವರು ಅಲ್ಲಿಯೇ ಇಳಿದುಕೊಳ್ಳುವುದು ಕ್ಷೇಮ.

ಇವುಗಳನ್ನು ಕರೆಯುವುದು ನಮ್ಮ ಕೊಳೆಯೇ. ತೊಳೆಯದ ಪಾತ್ರೆ, ಮೀನಿನ ಕರುಳು, ಮಗುವಿನ ಡಯಾಪರ್, ಸ್ಯಾನಿಟರಿ ಪ್ಯಾಡ್, ಮರಳಿನಲ್ಲಿ ಮೇಲೆ ಮೇಲೆ ಹೂತ ಮಲ, ಎಲ್ಲವನ್ನೂ ಮೂಸಿ ಅಗೆದು ತೆಗೆಯುತ್ತವೆ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ, ಅದರಲ್ಲೊಂದು ಸಲ ಮಣ್ಣು ಬೆರೆಸಿ ತೊಳೆಯುವ ಕೆಲಸ ಯಾರಿಗೂ ಬೇಡ ತಾನೇ? ಪಾತ್ರೆಗಳನ್ನು ರಾತ್ರಿಯೇ ತೊಳೆದು ಜೀಪಿನೊಳಗೆ ಬೀಗ ಹಾಕಿ. ಆಹಾರವನ್ನು ಡೇರೆಯೊಳಗೆ ಇಡಬೇಡಿ. ಪ್ಯಾಡ್, ಡಯಾಪರ್‌ಗಳನ್ನು ಎರಡು ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಯವರೆಗೆ ಒಯ್ಯಿರಿ. ನಮ್ಮ ಹೆಣ್ಣುಮಕ್ಕಳು ಸಂಕೋಚದಿಂದ ಇವನ್ನು ಮರಳಲ್ಲಿ ಹೂಳುವುದುಂಟು. ಹಿರಿಯ ಮಹಿಳೆಯೊಬ್ಬರು ಮೊದಲೇ ಜಾಗ ಮತ್ತು ಚೀಲ ತೋರಿಸಿ ಹೇಳಿಬಿಟ್ಟರೆ ಆ ಸಂಕೋಚ ಹೋಗುತ್ತದೆ.

ದಂಡೆಯ ಮೇಲಿನ ಡೇರೆ ಜಾಗಗಳಲ್ಲಿ ಶೌಚಾಲಯವಿಲ್ಲ. ಕುಟುಂಬದೊಂದಿಗೆ ಹೋಗುವವರು ಶೌಚಾಲಯ ಇರುವ ಜಾಗವನ್ನೇ ಆರಿಸಿ, ಇಲ್ಲವಾದರೆ ಒಯ್ಯಬಹುದಾದ ಶೌಚದ ಪೆಟ್ಟಿಗೆ ತೆಗೆದುಕೊಳ್ಳಿ. ಶೌಚದ ಬಾಟಲಿಗೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿ. ಕತ್ತಲಲ್ಲಿ ಅದೇ ಬಾಟಲಿ ಚಹಾದ ಪಾತ್ರೆಯ ಪಕ್ಕ ಬರಬಾರದು.

ಸ್ಟಿಯರಿಂಗ್ ಹಿಡಿಯುವವರಿಗೆ

ದ್ವೀಪದ ಅತಿ ದೊಡ್ಡ ಅಪಾಯ ಡಿಂಗೊ ಅಲ್ಲ, ಜೀಪು. 2009ರಲ್ಲಿ ಬಾಡಿಗೆ ಜೀಪುಗಳು ಮಗುಚಿ ಯುವ ಪ್ರವಾಸಿಗರು ಸತ್ತ ಬಳಿಕ ನಿಯಮಗಳು ಬಿಗಿಯಾದವು. ಒಂದು ಬಾಡಿಗೆ ಜೀಪಿನಲ್ಲಿ ಎಂಟಕ್ಕಿಂತ ಹೆಚ್ಚು ಜನ ಕೂರುವಂತಿಲ್ಲ, ಛಾವಣಿಯ ಮೇಲೆ ಸಾಮಾನು ಹೇರುವಂತಿಲ್ಲ. ದಂಡೆಯಲ್ಲಿ ವೇಗದ ಮಿತಿ ಗಂಟೆಗೆ 80 ಕಿ.ಮೀ., ಒಳಗಿನ ಕಾಡುದಾರಿಯಲ್ಲಿ 30. ಸಮತಟ್ಟಾದ ಗಟ್ಟಿ ಮರಳು ಕಂಡಾಗ 80ರ ಮಿತಿ ಕಡಿಮೆಯೆನಿಸುತ್ತದೆ. ಆದರೆ ತೊರೆಗಳು ಸಮುದ್ರ ಸೇರುವಲ್ಲಿ ಮರಳನ್ನು ಕೊರೆದು ಗುಂಡಿ ಮಾಡಿರುತ್ತವೆ, ಹತ್ತಿರ ಬರುವವರೆಗೆ ಕಾಣುವುದಿಲ್ಲ. ಆಗ ಸ್ಟಿಯರಿಂಗ್ ಒಮ್ಮೆಲೇ ತಿರುಗಿಸಿದರೆ ಜೀಪು ಮಗುಚುತ್ತದೆ. ಭರತದ ನೀರು ಏರುವ ಮೊದಲಿನ ಎರಡು ತಾಸು, ನಂತರದ ಎರಡು ತಾಸು ದಂಡೆಗೆ ಇಳಿಯಲೇಬೇಡಿ. ಈ ಹೊತ್ತನ್ನು ಅಡುಗೆಗೆ, ನಮಾಝಿಗೆ, ಹಿರಿಯರ ವಿಶ್ರಾಂತಿಗೆ ಇಟ್ಟುಕೊಂಡರೆ ಅವಸರವೇ ಇರುವುದಿಲ್ಲ. ಅದೂ ರಸ್ತೆಯೇ, ಅಲ್ಲಿಯೂ ಪೊಲೀಸರಿದ್ದಾರೆ, ಸೀಟ್ ಬೆಲ್ಟ್ ಕಡ್ಡಾಯ. ಮೊಮ್ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ಅಜ್ಜಿಯರಿಗೆ ಇದನ್ನು ಊರಿನಲ್ಲೇ ಹೇಳಿ ಒಪ್ಪಿಸಿಡಿ.

ಹಾವು ಕಚ್ಚಿದರೆ ಗಾಯ ತೊಳೆಯಬಾರದು, ಕೊಯ್ಯಬಾರದು. ಅಗಲವಾದ ಬ್ಯಾಂಡೇಜನ್ನು ಇಡೀ ಕಾಲಿಗೋ ಕೈಗೋ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ, ಅಲುಗಾಡದಂತೆ ಮಲಗಿಸಿ. ತುರ್ತು ಕರೆಯ ಸಂಖ್ಯೆ 000. ಸಿಗ್ನಲ್ ಇಲ್ಲದ ಕಡೆಗೆ ಉಪಗ್ರಹದ ಮೂಲಕ ಸಹಾಯ ಕೋರುವ ಸಣ್ಣ ಯಂತ್ರವನ್ನು ಒಯ್ಯುವುದು ಬುದ್ಧಿವಂತಿಕೆ.

ಮಧುಮೇಹ ಇರುವ ಹಿರಿಯರ ಇನ್ಸುಲಿನ್ ತಂಪಾಗಿರಬೇಕು, ಆದರೆ ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು, ಎರಡನೇ ಪೆಟ್ಟಿಗೆಯ ಮೇಲ್ಭಾಗದಲ್ಲಿಡಿ. ಬರಿಗಾಲಲ್ಲಿ ಮರಳ ಮೇಲೆ ನಡೆಯಲು ಅವರನ್ನು ಬಿಡಬೇಡಿ. ಕಾಲಿನ ಸಂವೇದನೆ ಕಡಿಮೆಯಿದ್ದರೆ ಗಾಯವಾದದ್ದೇ ತಿಳಿಯುವುದಿಲ್ಲ. ಪ್ರತಿ ರಾತ್ರಿ ಟಾರ್ಚ್ ಹಿಡಿದು ಪಾದ ನೋಡಿ.

ಗರ್ಭಿಣಿಯರಿಗೆ, ಬೆನ್ನುನೋವಿನವರಿಗೆ, ಈಚೆಗೆ ಹೃದಯದ ಚಿಕಿತ್ಸೆ ಆದವರಿಗೆ ಒಳದಾರಿಯ ಕುಲುಕಾಟ ಆಗದು. ಅವರನ್ನು ಮೂರು ದಿನ ಬ್ರಿಸ್ಬೇನಿನ ಮನೆಯಲ್ಲಿ ಒಬ್ಬರೇ ಬಿಟ್ಟು ಹೋಗುವುದೂ ಸರಿಯಲ್ಲ. ದ್ವೀಪದ ಪಶ್ಚಿಮ ಬದಿಯಲ್ಲಿ ದೋಣಿ ಇಳಿಯುವಲ್ಲೇ ತಂಗುವ ಹೋಟೆಲಿದೆ. ಹಿರಿಯರನ್ನೂ ಜೊತೆಗೆ ಒಬ್ಬ ಮಗಳನ್ನೋ ಸೊಸೆಯನ್ನೋ ಅಲ್ಲಿ ಇಳಿಸಿ, ಉಳಿದವರು ಜೀಪಿನಲ್ಲಿ ಮುಂದೆ ಹೋಗಬಹುದು.