ಮೈಸೂರಿಂದ ಮೀಲಿಕ್ಕೆ

"ಮೈಸೂರಿಂದ ಮೀಲಿಕ್ಕೆ ಬಂದದ್ದಾ?"

ಕೊಳದ ಮೆಟ್ಟಿಲ ಮೇಲೆ ಬೈರಾಸು ಹೊದ್ದು ಕೂತಿದ್ದ ಹಿರಿಯರೊಬ್ಬರು ಕೇಳಿದರು. ಹೌದೆಂದೆ. ಬಿಸಿನೀರು ನೋಡಲು ಬಂದವನಿಗೆ ಮೊದಲು ಸಿಕ್ಕಿದ್ದು ಈ ಮಾತು: ಮೀಯುವುದು. ಮೈಸೂರಿನಲ್ಲಿ ನಾವು ಸ್ನಾನ ಮಾಡುತ್ತೇವೆ. ಅಜ್ಜಿಯ ಮಾತಿನಲ್ಲಾದರೆ ನೀರು ಹಾಕಿಕೊಳ್ಳುತ್ತೇವೆ. ಹಳಗನ್ನಡದ ಆ ಕ್ರಿಯಾಪದ ನಮ್ಮ ಬಾಯಿಂದ ಯಾವಾಗಲೋ ಜಾರಿಹೋಗಿದೆ. ಪುತ್ತೂರಿನ ಕಡೆ ಅದು ಇನ್ನೂ ದಿನಬಳಕೆಯ ಮಾತು. ತುಳುವಿನಲ್ಲೂ ಅದೇ, ಮೀಪಿನಿ. ನಮ್ಮಲ್ಲಿ ಚೆಂಬಿನಿಂದ ನೀರು ಮೈಗೆ ಬರುತ್ತದೆ. ಇಲ್ಲಿ ಮೈಯೇ ನೀರಿಗೆ ಇಳಿಯಬೇಕು.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿದೆ ಬೆಂದ್ರು ತೀರ್ಥ. ತುಳುವಿನಲ್ಲಿ ಬೆಂದ್ರ್ ಅಂದರೆ ಬಿಸಿನೀರು. ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿದು, ಸುಳ್ಯದ ಮೇಲೆ ಹೋದರೆ ಪುತ್ತೂರು. ಸುಮಾರು 200 ಕಿ.ಮೀ. ಬೆಳಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಪುತ್ತೂರಿನಲ್ಲಿರಬಹುದು. ಶಿವರಾಮ ಕಾರಂತರ ಬಾಲವನ ನೋಡಿಕೊಂಡು, ಬಿಸಿಲು ಇಳಿದ ಮೇಲೆ ಇರ್ದೆಗೆ ಹೊರಡುವುದು ಸರಿ. ಅಡಿಕೆ ತೋಟಗಳ ನಡುವಿನ ದಾರಿ, ಬದಿಯಲ್ಲಿ ಸೀರೆ ಹೊಳೆ, ಹೊಳೆಯ ಮಗ್ಗುಲಲ್ಲೇ ಕಲ್ಲು ಕಟ್ಟಿದ ಸಣ್ಣ ಕೊಳ. ಊರಿನ ವಿಷ್ಣುಮೂರ್ತಿ ದೇವಸ್ಥಾನದ ಜೊತೆಗೇ ಜನ ಇದನ್ನೂ ನೆನೆಯುತ್ತಾರೆ.

ಕಾಲಿಟ್ಟ ಕ್ಷಣ ನನಗೆ ನೆನಪಾದದ್ದು ಅಗ್ರಹಾರದ ನಮ್ಮ ಹಳೆ ಮನೆಯ ಬಚ್ಚಲು. ಗೋಡೆಗೆ ಹೂತ ತಾಮ್ರದ ಹಂಡೆ, ಕೆಳಗೆ ತೆಂಗಿನ ಚಿಪ್ಪಿನ ಉರಿ, ಹೊಗೆಗೆ ಕಪ್ಪಾದ ಮಾಡು. ಭಾನುವಾರ ಅಜ್ಜಿ ಹರಳೆಣ್ಣೆ ಒತ್ತಿ, ಸೀಗೆಪುಡಿ ಚಿಗರೆಪುಡಿ ಕಲಸಿಕೊಂಡು ನಿಂತರೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಆಕೆ ಮೊಣಕೈ ಅದ್ದಿ ಹದ ನೋಡುತ್ತಿದ್ದರು. ಬೆಂದ್ರು ತೀರ್ಥದ ನೀರು ಅದೇ ಹದದ್ದು. ಅಳೆದವರು 99ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಎನ್ನುತ್ತಾರೆ, ಅಂದರೆ ಹೆಚ್ಚುಕಡಿಮೆ 37ರಿಂದ 41 ಡಿಗ್ರಿ ಸೆಲ್ಸಿಯಸ್. ಅಕ್ಕಿ ಬೇಯುವಷ್ಟು ಕುದಿಯುವ ಹಿಮಾಚಲದ ಮಣಿಕರಣದಂತಲ್ಲ ಇದು, ಮಗುವಿಗೂ ಎರೆಯಬಹುದು.

ಇಲ್ಲಿ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಕಾವು ಏರುತ್ತದೆ. ಆ ಲೆಕ್ಕದಲ್ಲಿ ಈ ನೀರು ಅರ್ಧ ಕಿಲೋಮೀಟರಿಗಿಂತಲೂ ಆಳ ಹೋಗಿ ಬಂದಿರಬೇಕು, ಏಕೆಂದರೆ ಮೇಲೇರುವಾಗ ಸ್ವಲ್ಪ ಕಾವು ಕಳೆದುಕೊಂಡೇ ಬರುತ್ತದೆ. ಸೌದೆಯಿಲ್ಲದೆ, ಹಗಲು ರಾತ್ರಿ ಆರದ ಒಲೆ.

ನೀರಿಗೆ ಗಂಧಕದ ನಸು ವಾಸನೆಯಿದೆ. ಚರ್ಮದ ಬಾಧೆಗೆ ಒಳ್ಳೆಯದೆಂಬ ನಂಬಿಕೆಯಿಂದ ದೂರದಿಂದ ಬರುವವರಿದ್ದಾರೆ. ಹಿರಿಯರು ಮಾತ್ರ ಔಷಧದ ವಿಷಯ ಎತ್ತಲಿಲ್ಲ. ಮದುವೆಯಾದ ವರ್ಷ ಹೆಂಡತಿಯ ಜೊತೆ ಬಂದು ಮಿಂದದ್ದನ್ನು ಹೇಳಿದರು. ಆಗ ರಸ್ತೆ ಇರಲಿಲ್ಲವಂತೆ, ತೋಟದ ಸಂಕಗಳನ್ನು ದಾಟಿ ನಡೆದು ಬಂದಿದ್ದರಂತೆ. ಈಗ ಅವರೊಬ್ಬರೇ ಬರುತ್ತಾರೆ. "ಸಾಬೂನು ಹಾಕ್ಬೇಡಿ ಆಯ್ತಾ, ನೀರು ಹಾಳಾಗ್ತದೆ" ಎಂದು ಎರಡು ಸಲ ಎಚ್ಚರಿಸಿದರು. ನಾನು ಕುತ್ತಿಗೆವರೆಗೆ ಮುಳುಗಿ ಕೂತೆ. ಘಾಟಿಯ ತಿರುವುಗಳಲ್ಲಿ ಹಿಡಿದುಕೊಂಡಿದ್ದ ಬೆನ್ನು ಮೆಲ್ಲಗೆ ಸಡಿಲವಾಯಿತು. ತೋಟದ ಕಡೆಯಿಂದ ಕತ್ತಲು ಬಂತು, ಜೀರುಂಡೆ ಕೂಗತೊಡಗಿತು. ಬಹಳ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಇಲ್ಲಿ ರೆಸಾರ್ಟ್ ಬರಬೇಕೆಂದು ನನಗೆ ಅನಿಸಲಿಲ್ಲ. ಹೆಂಗಸರಿಗೆ ಬಟ್ಟೆ ಬದಲಿಸಲು ಒಳ್ಳೆಯ ಕೋಣೆ, ಕೊಳವನ್ನು ಕ್ರಮವಾಗಿ ತೊಳೆಯುವವರು, ಸಾಬೂನು ಬೇಡವೆನ್ನುವ ಒಂದು ಫಲಕ, ಇಷ್ಟಿದ್ದರೆ ಸಾಕು. ನನಗಿರುವ ಭಯ ಕೊಳವೆಬಾವಿಗಳದು. ಅಡಿಕೆ ತೋಟಗಳಿಗಾಗಿ ಈ ಸೀಮೆಯಲ್ಲೆಲ್ಲ ಅವು ಆಳಕ್ಕೆ ಇಳಿಯುತ್ತಿವೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬೇಕೇ ಬೇಕು, ಕೃಷಿಕರನ್ನು ದೂರುವಂತಿಲ್ಲ. ಆದರೆ ನೆಲದಡಿಯ ಬಿರುಕುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎಲ್ಲೋ ಕೊರೆದ ಬಾವಿ ಇನ್ನೆಲ್ಲಿಯದೋ ಒರತೆಯನ್ನು ಸೆಳೆದುಕೊಳ್ಳಬಹುದು. ಕೊಳದ ಸುತ್ತ ಒಂದಷ್ಟು ದೂರವನ್ನಾದರೂ ಕೊರೆಯದೆ ಬಿಟ್ಟುಕೊಡುವ ಮನಸ್ಸು ಎಲ್ಲರೂ ಮಾಡಬೇಕು.

ಹೊರಡುವಾಗ ಹಿರಿಯರು ಟಾರ್ಚ್ ಹಿಡಿದು ರಸ್ತೆಯವರೆಗೂ ಬಂದರು. "ಇನ್ನು ಯಾವಾಗ ಬರುದು?" ಎಂದು ಕೇಳಿದರು. ಬೇಸಿಗೆಗೆ ಮುಂಚೆ ಎಂದೆ. ಮರುದಿನ ಸಂಪಾಜೆ ಘಾಟಿ ಹತ್ತುವಾಗ ಚಳಿಗೆ ಚೀಲದಿಂದ ಟವೆಲ್ ತೆಗೆದು ಹೊದ್ದುಕೊಂಡೆ. ಅದು ಇನ್ನೂ ಹಸಿಯಾಗಿತ್ತು, ನಸುವಾಗಿ ಗಂಧಕದ ವಾಸನೆಯಿತ್ತು.