ವಿಕಲತೆಯ ಪ್ರಮಾಣಪತ್ರ: ಹೊರರಾಜ್ಯಗಳಲ್ಲಿ ನೆಲೆಸಿದವರು ತಿಳಿದಿರಬೇಕಾದ ಸಂಗತಿಗಳು

ವಿಕಲಚೇತನರಿಗಾಗಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕಲ್ಪಿಸಿರುವ ಬಹುತೇಕ ಸೌಲಭ್ಯಗಳಿಗೆ ಮೂಲ ಆಧಾರವೆಂದರೆ ವಿಕಲತೆಯ ಪ್ರಮಾಣಪತ್ರ. ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೆಲವರು ಈ ಪತ್ರವನ್ನು ಹುಟ್ಟಿದ ಜಿಲ್ಲೆಯಿಂದಲೇ ತರಬೇಕೆಂದು ಭಾವಿಸುವುದುಂಟು. ಹಾಗೇನೂ ಇಲ್ಲ. ದೇಶದ ಯಾವುದೇ ಭಾಗದಲ್ಲಿ ಸಕ್ಷಮ ಪ್ರಾಧಿಕಾರವು ನೀಡಿದ ಪ್ರಮಾಣಪತ್ರವು ಇಡೀ ದೇಶಕ್ಕೆ ಸಿಂಧುವೆಂದು ವಿಕಲಚೇತನರ ಹಕ್ಕುಗಳ ಕಾಯಿದೆ, 2016 ಸ್ಪಷ್ಟವಾಗಿ ವಿಧಿಸಿದೆ.

1995ರ ಹಿಂದಿನ ಕಾಯಿದೆಯು ಏಳು ಬಗೆಯ ವಿಕಲತೆಗಳನ್ನು ಮಾತ್ರ ಗುರುತಿಸಿತ್ತು. 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ ಇವುಗಳ ಸಂಖ್ಯೆ 21ಕ್ಕೆ ಏರಿದೆ. ಆಟಿಸಂ, ಕಲಿಕೆಯ ನಿರ್ದಿಷ್ಟ ತೊಡಕುಗಳು, ಪಾರ್ಕಿನ್ಸನ್ ಕಾಯಿಲೆ, ಹಿಮೋಫೀಲಿಯಾ, ಥಲಸ್ಸೀಮಿಯಾ, ಆಸಿಡ್ ದಾಳಿಯಿಂದಾದ ವಿರೂಪ ಮುಂತಾದವು ಈಗ ಇದರ ವ್ಯಾಪ್ತಿಗೆ ಸೇರಿವೆ. ಕೈಕಾಲು, ಕಣ್ಣು, ಕಿವಿಗಳ ಊನವಷ್ಟೇ ವಿಕಲತೆಯೆಂದು ತಿಳಿದು ಅರ್ಜಿಯನ್ನೇ ಸಲ್ಲಿಸದಿರುವವರು ಇದನ್ನು ಗಮನಿಸಬೇಕು.

ಮುಖ್ಯ ಸೌಲಭ್ಯಗಳಿಗೆ ವಿಕಲತೆಯು ಕನಿಷ್ಠ ಶೇಕಡಾ 40ರಷ್ಟಿರಬೇಕು. ಈ ಪ್ರಮಾಣವನ್ನು ವೈದ್ಯರು ತಮ್ಮ ಅಂದಾಜಿನ ಮೇಲೆ ನಿರ್ಧರಿಸುವುದಿಲ್ಲ. ಕೇಂದ್ರ ಸರ್ಕಾರವು ಅಧಿಸೂಚಿಸಿರುವ ಮಾರ್ಗಸೂಚಿಯಂತೆ ಲೆಕ್ಕ ಹಾಕುತ್ತಾರೆ. ಉದಾಹರಣೆಗೆ, ಒಂದು ಕಣ್ಣಿನ ದೃಷ್ಟಿ ಪೂರ್ಣವಾಗಿ ನಷ್ಟವಾಗಿ ಇನ್ನೊಂದು ಕಣ್ಣು ಸರಿಯಾಗಿದ್ದರೆ ವಿಕಲತೆ ಶೇಕಡಾ 30 ಎಂದು ಪರಿಗಣಿತವಾಗುತ್ತದೆ. ಅದೊಂದರಿಂದಲೇ ಅರ್ಹತೆ ದೊರೆಯದು. ಆದರೆ ಅದೇ ವ್ಯಕ್ತಿಗೆ ಕಾಲಿನಲ್ಲಿಯೂ ಶೇಕಡಾ 20ರಷ್ಟು ವಿಕಲತೆಯಿದ್ದರೆ ಎರಡನ್ನೂ ಸೇರಿಸಿ ಎಣಿಸಲಾಗುವುದು. ಇದು ಸರಳ ಕೂಡಿಕೆಯಲ್ಲ. ನಿಗದಿತ ಸೂತ್ರದಂತೆ ಒಟ್ಟು 50 ಆಗದೆ ಸುಮಾರು 43 ಆಗುತ್ತದೆ. ಆದರೂ ಅರ್ಹತೆಯ ಗೆರೆ ದಾಟಿದಂತಾಯಿತು. ಆದ್ದರಿಂದ ಒಂದಕ್ಕಿಂತ ಹೆಚ್ಚಿನ ತೊಂದರೆಯಿರುವವರು ಎಲ್ಲವನ್ನೂ ಅರ್ಜಿಯಲ್ಲಿ ನಮೂದಿಸತಕ್ಕದ್ದು. ಚಿಕ್ಕದೆಂದು ಕೈಬಿಟ್ಟ ಊನವೇ ನಿರ್ಣಾಯಕವಾಗಬಹುದು.

2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಸ್ವಾವಲಂಬನ್ ಎಂಬ ಸರ್ಕಾರಿ ಜಾಲತಾಣದ ಮೂಲಕವೇ ನೀಡಲಾಗುತ್ತಿದೆ. ಅರ್ಜಿದಾರರು ವಾಸವಾಗಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರವು ಪರೀಕ್ಷೆ ನಡೆಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಾಸದ ಜಿಲ್ಲೆಯೆಂದರೆ ಅರ್ಜಿದಾರರು ಒದಗಿಸಿದ ವಾಸಸ್ಥಳದ ಪುರಾವೆಯಲ್ಲಿರುವ ಜಿಲ್ಲೆ. ಇಪ್ಪತ್ತು ವರ್ಷಗಳಿಂದ ಠಾಣೆಯಲ್ಲಿದ್ದರೂ ಆಧಾರ್ ಚೀಟಿಯಲ್ಲಿ ವಿಜಯಪುರದ ವಿಳಾಸವೇ ಉಳಿದಿದ್ದರೆ ಅರ್ಜಿಯು ವಿಜಯಪುರಕ್ಕೇ ಹೋದೀತು. ಆದಕಾರಣ ಮೊದಲು ವಿಳಾಸವನ್ನು ಸರಿಪಡಿಸಿಕೊಳ್ಳುವುದು ಲೇಸು. 2024ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಮೂರು ತಿಂಗಳೊಳಗಾಗಿ ತೀರ್ಮಾನವಾಗಬೇಕು. ಸ್ಥಿತಿಯು ಬದಲಾಗುವ ಸಂಭವವಿದ್ದಲ್ಲಿ ಅವಧಿ ನಮೂದಿಸಿದ ಪತ್ರವನ್ನೂ, ಇಲ್ಲವಾದಲ್ಲಿ ಶಾಶ್ವತ ಪತ್ರವನ್ನೂ ಕೊಡುತ್ತಾರೆ. ಅರ್ಜಿಯನ್ನು ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸತಕ್ಕದ್ದು. ನಿರ್ಣಯಕ್ಕೆ ಒಪ್ಪದವರು 90 ದಿನಗಳೊಳಗೆ ರಾಜ್ಯ ಸರ್ಕಾರವು ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಪ್ರಮಾಣಪತ್ರ ಕೈಸೇರಿದ ಮಾತ್ರಕ್ಕೆ ಪಿಂಚಣಿ ಆರಂಭವಾಗುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಷರತ್ತುಗಳು. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆಯು ಬಡತನದ ರೇಖೆಗಿಂತ ಕೆಳಗಿರುವ, ಶೇಕಡಾ 80 ಅಥವಾ ಅದಕ್ಕೂ ಮೀರಿದ ವಿಕಲತೆಯುಳ್ಳ, 18ರಿಂದ 79 ವಯಸ್ಸಿನವರಿಗೆ ಅನ್ವಯಿಸುತ್ತದೆ. ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಮೊತ್ತವು ಅಲ್ಪವೆಂಬುದರಲ್ಲಿ ಸಂದೇಹವಿಲ್ಲ. ರಾಜ್ಯಗಳು ಇದಕ್ಕೆ ತಮ್ಮ ಪಾಲನ್ನು ಸೇರಿಸುತ್ತವೆ, ಕಡಿಮೆ ವಿಕಲತೆಯುಳ್ಳವರಿಗೂ ಪ್ರತ್ಯೇಕ ಯೋಜನೆಗಳನ್ನು ನಡೆಸುತ್ತವೆ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆ ಇದಕ್ಕೆ ನಿದರ್ಶನ. ಇಂತಹ ಯೋಜನೆಗಳಿಗೆ ಆಯಾ ರಾಜ್ಯದ ವಾಸದ ಷರತ್ತು ಇರುತ್ತದೆ. ಪತ್ರವು ರಾಜ್ಯದ ಗಡಿ ದಾಟುತ್ತದೆ, ಪಿಂಚಣಿ ದಾಟುವುದಿಲ್ಲ.

ಶೇಕಡಾ 40ರ ಮಿತಿಯನ್ನು ತಲುಪಿದವರಿಗೆ ಸರ್ಕಾರಿ ಉದ್ಯೋಗಗಳಲ್ಲಿ ಶೇಕಡಾ 4ಕ್ಕೆ ಕಡಿಮೆಯಿಲ್ಲದ, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದ ಮೀಸಲಾತಿಯಿದೆ. ಹಳೆಯ ಪದ್ಧತಿಯಂತೆ ಆದಾಯ ತೆರಿಗೆ ಸಲ್ಲಿಸುವವರಿಗೆ 75,000 ರೂಪಾಯಿಗಳ, ವಿಕಲತೆ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿಗಳ ಕಡಿತ ಲಭ್ಯ. ರೈಲ್ವೆ ರಿಯಾಯಿತಿಯು ಮಾತ್ರ ನಾಲ್ಕು ವರ್ಗಗಳಿಗೆ ಸೀಮಿತ. ಅದಕ್ಕೆ ರೈಲ್ವೆಯ ನಿಯಮಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಕೇಂದ್ರ ಸರ್ಕಾರದ ಸೇವೆಯಲ್ಲಿದ್ದವರ ಕುಟುಂಬಗಳು ಇನ್ನೊಂದು ಅಂಶವನ್ನು ಮರೆಯಬಾರದು. ವಿಕಲತೆಯ ಕಾರಣದಿಂದ ಜೀವನೋಪಾಯಕ್ಕೆ ದುಡಿಯಲಾಗದ ಮಗ ಅಥವಾ ಮಗಳಿಗೆ, ನಿಯಮಗಳಿಗೆ ಒಳಪಟ್ಟು, ಜೀವನಪರ್ಯಂತ ಕುಟುಂಬ ಪಿಂಚಣಿಯ ಅವಕಾಶವಿದೆ. ತಂದೆತಾಯಿಗಳು ಬದುಕಿರುವಾಗಲೇ ಕೋರಿಕೆ ಸಲ್ಲಿಸಿ ಮಗುವಿನ ಹೆಸರಿಗೆ ಪೂರ್ವಾನುಮೋದನೆ ಪಡೆದು, ಪಿಂಚಣಿ ಪಾವತಿ ಆದೇಶದಲ್ಲಿ ಸೇರಿಸಿಕೊಳ್ಳಬಹುದು. ಅವರ ಕಾಲಾನಂತರ ಈ ಕಾಗದಪತ್ರಗಳಿಗಾಗಿ ಆ ಮಗುವೇ ಕಚೇರಿಗಳಿಗೆ ಅಲೆಯಬೇಕಾದ ಪ್ರಸಂಗವು ಇದರಿಂದ ತಪ್ಪುತ್ತದೆ.